ತಗಡು ದಪ್ಪವಿದ್ದರೆ ಕಾರು ಗಟ್ಟಿಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮತ್ತು ಹೊಸ ಕಾರುಗಳ ಗಟ್ಟಿತನವನ್ನೇ ಕುರಿತವಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1974ರಲ್ಲಿ ಕೊಂಡ ಅಂಬಾಸಿಡರ್ ಕಾರು ಇಂದಿಗೂ ನಮ್ಮ ಕೊಟ್ಟಿಗೆಯ ಪಕ್ಕದ ಷೆಡ್ಡಿನಲ್ಲಿದೆ. ಹಿಂದೊಮ್ಮೆ ಆಗುಂಬೆ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಎಮ್ಮೆ ಉರುಳಿತೇ ಹೊರತು ಕಾರಿಗೆ ಗೀರೂ ಆಗಲಿಲ್ಲ. ಕಳೆದ ತಿಂಗಳು ಮಗನ ಹೊಸ ಕಾರಿಗೆ ಸಂತೆಯಲ್ಲಿ ಸ್ಕೂಟರೊಂದು ತಾಗಿದ್ದಕ್ಕೆ ಬಂಪರ್ ಸೀಳಿ, ಮಡ್ಗಾರ್ಡು ಒಳಕ್ಕೆ ಹೋಗಿ, 38,000 ರೂಪಾಯಿ ಬಿಲ್ಲಾಯಿತು. ಬಾನೆಟ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಡಬ್ಬದಂತೆ ತಗ್ಗುತ್ತದೆ. ಲಾಭದ ಆಸೆಗೆ ಕಂಪನಿಗಳು ತಗಡನ್ನು ತೆಳುಮಾಡಿ ನಮ್ಮ ಪ್ರಾಣದ ಜೊತೆ ಆಟವಾಡುತ್ತಿವೆಯೆ?
— ನಿವೃತ್ತ ಮುಖ್ಯೋಪಾಧ್ಯಾಯರು, ತೀರ್ಥಹಳ್ಳಿ

ಉತ್ತರ: ತಗಡು ತೆಳುವಾಗಿದೆ ಎಂಬ ನಿಮ್ಮ ಮಾತು ನಿಜ, ಅದರಿಂದ ಪ್ರಾಣಾಪಾಯ ಹೆಚ್ಚಿದೆ ಎಂಬ ಅನುಮಾನ ನಿಜವಲ್ಲ. ಹಳೆಯ ಕಾರುಗಳ ಹೊರಮೈ ತಗಡು ಸುಮಾರು 0.9ರಿಂದ 1 ಮಿಲಿಮೀಟರ್ ದಪ್ಪವಿರುತ್ತಿತ್ತು, ಈಗಿನವುಗಳಲ್ಲಿ ಅದು ಸಾಮಾನ್ಯವಾಗಿ 0.65ರಿಂದ 0.8 ಮಿಲಿಮೀಟರಿನೊಳಗಿರುತ್ತದೆ. ಉಕ್ಕು ಎಷ್ಟೇ ಬಲದ ಜಾತಿಯದಾಗಿರಲಿ, ಬೆರಳಿನಿಂದ ಒತ್ತಿದಾಗ ಅದು ಎಷ್ಟು ಬಾಗುತ್ತದೆ ಎಂಬುದು ಅದರ ದಪ್ಪ ಮತ್ತು ಆಕಾರಗಳನ್ನು ಹಿಡಿದು ಇರುತ್ತದೆಯೇ ಹೊರತು ಬಲವನ್ನು ಹಿಡಿದಲ್ಲ. ಹಾಗಾಗಿ ನಿಮ್ಮ ಹೆಬ್ಬೆರಳು ಸುಳ್ಳು ಹೇಳುತ್ತಿಲ್ಲ, ಆದರೆ ಅದು ಹೇಳುತ್ತಿರುವುದು ಹೊದಿಕೆಯ ವಿಷಯವನ್ನು ಮಾತ್ರ. ಅದರಲ್ಲೂ ಬಾನೆಟ್ಟಿನ ಹೊದಿಕೆಯನ್ನು, ರಸ್ತೆ ದಾಟುವವರ ತಲೆ ಬಂದು ಬಡಿದರೆ ಸ್ವಲ್ಪ ಬಾಗಿಕೊಡಲಿ ಎಂದೇ ಈಗ ಮೆದುವಾಗಿ ಇಡುತ್ತಾರೆ.

ಕಾರಿನ ಬಲ ಇರುವುದು ಒಳಗಿನ ಎಲುಬುಗೂಡಿನಲ್ಲಿ, ಎಂದರೆ ಮುಂಗಾಜಿನ ಎರಡು ಬದಿಯ ಕಂಬಗಳು, ಎರಡು ಬಾಗಿಲುಗಳ ನಡುವಿನ ಕಂಬ, ಬಾಗಿಲಿನ ಕೆಳಗೆ ಉದ್ದಕ್ಕೆ ಹಾಯುವ ತೊಲೆ ಇವುಗಳಲ್ಲಿ. ಈಗಿನ ಒಳ್ಳೆಯ ಕಾರುಗಳಲ್ಲಿ ಈ ಭಾಗಗಳಿಗೆ ಬೋರಾನ್ ಬೆರೆಸಿದ ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚಿನೊಳಗೆ ಒತ್ತಿ, ಅಚ್ಚಿನಲ್ಲೇ ಥಟ್ಟನೆ ತಣಿಸಿ ಬಳಸುತ್ತಾರೆ. ಹಾಗೆ ತಯಾರಾದ ಉಕ್ಕಿನ ಬಲ ಸುಮಾರು 1,500 ಮೆಗಾಪಾಸ್ಕಲ್ (ಎಳೆದಾಗ ಲೋಹ ಎಷ್ಟು ತಡೆಯುತ್ತದೆ ಎಂಬುದರ ಅಳತೆ) ಇರುತ್ತದೆ; ನಿಮ್ಮ ಷೆಡ್ಡಿನಲ್ಲಿರುವ ಕಾರಿನ ಕಾಲದ ಸಾಧಾರಣ ಮೆದು ಉಕ್ಕಿನದು 300ರ ಆಸುಪಾಸು. ಅಂಬಾಸಿಡರ್‌ಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಎಂದರೆ ಮೈಯನ್ನು ಹೊರುವ ಚೌಕಟ್ಟು, ಇದೆ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅದರ ಮೂಲವಾದ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನಂತೆ ಅದೂ ಮಾನೋಕಾಕ್ ಕಾರು, ಅಂದರೆ ತಗಡುಗಳನ್ನು ಬೆಸೆದು ಮಾಡಿದ ಒಂದೇ ಪೆಟ್ಟಿಗೆ. ತೂಕವೂ ನಾವು ಊಹಿಸಿಕೊಂಡಷ್ಟಿಲ್ಲ, ಸುಮಾರು 1,150 ಕಿಲೋ. ಇಂದಿನ ಅನೇಕ ಚಿಕ್ಕ ಎಸ್‌ಯುವಿಗಳು ಅದನ್ನು ಮೀರಿಸುತ್ತವೆ.

ಇನ್ನು ಏಟಿನ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಬಂಡೆಗೆ ಬಡಿದು ನಿಲ್ಲುವಾಗ ಅದರ ಮೂತಿ ಕೇವಲ 10 ಸೆಂಟಿಮೀಟರ್ ಕುಗ್ಗಿತು ಎಂದಿಟ್ಟುಕೊಳ್ಳಿ. ಒಳಗೆ ಬೆಲ್ಟ್ ಕಟ್ಟಿ ಕುಳಿತವರ ಮೈಮೇಲೆ ಆಗ ಬೀಳುವ ಬಲವು ಸರಾಸರಿ ಅವರ ತೂಕದ ಸುಮಾರು 140 ಪಟ್ಟು. ಅದೇ ಮೂತಿ 60 ಸೆಂಟಿಮೀಟರ್ ನಜ್ಜುಗುಜ್ಜಾಗಿ ಕುಗ್ಗಿದರೆ ಅದು ಸುಮಾರು 24 ಪಟ್ಟಿಗೆ ಇಳಿಯುತ್ತದೆ. ಹೀಗಾಗಿ ಮೂತಿ ಕುಗ್ಗಬೇಕು, ಜನ ಕೂರುವ ಕೋಣೆ ಕುಗ್ಗಬಾರದು. ಈ ವಿಚಾರವನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡವರು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನಿ. ಅವರ ಪೇಟೆಂಟಿನ ಪ್ರಕಾರ ರೂಪಿಸಿದ ಕಾರು 1959ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಅಂಬಾಸಿಡರ್ ಅದಕ್ಕಿಂತ ಹಿಂದಿನ ವಿನ್ಯಾಸ, ಮತ್ತು ಆ ವಿನ್ಯಾಸವನ್ನೇ ಹೊತ್ತು ಅದು 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಿಂದ ಹೊರಬರುತ್ತಿತ್ತು.

ಇದೆಲ್ಲ ಬರಿ ಕಾಗದದ ಲೆಕ್ಕವೆಂದು ನಿಮಗೆ ಅನ್ನಿಸಬಾರದೆಂದು ಒಂದು ಪ್ರಯೋಗವನ್ನು ಹೇಳುತ್ತೇನೆ. ಅಮೆರಿಕದ ಹೆದ್ದಾರಿ ಸುರಕ್ಷೆಯ ವಿಮಾ ಸಂಸ್ಥೆಯವರು ತಮ್ಮ 50ನೆಯ ವರ್ಷದ ನೆನಪಿಗಾಗಿ 2009ರಲ್ಲಿ 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬುವನ್ನೂ ತಲಾ 64 ಕಿಲೋಮೀಟರ್ ವೇಗದಲ್ಲಿ, ಚಾಲಕರ ಬದಿಗಳು ಎದುರುಬದುರಾಗುವಂತೆ ಗುದ್ದಿಸಿದರು. ತೂಕದಲ್ಲಿ ಹಳೆಯದೇ ತುಸು ಹೆಚ್ಚಿತ್ತು. ಆದರೂ ಬೆಲ್ ಏರ್‌ನ ಕೋಣೆ ಮಡಚಿಕೊಂಡು ಸ್ಟಿಯರಿಂಗ್ ಚಾಲಕನ ಬೊಂಬೆಯ ಮೇಲೆ ನುಗ್ಗಿತು. ಅಲ್ಲಿ ಮನುಷ್ಯನಿದ್ದಿದ್ದರೆ ಉಳಿಯುತ್ತಿರಲಿಲ್ಲ. ಮಾಲಿಬುವಿನ ಚಾಲಕನಿಗೆ ಬಹುಶಃ ಪಾದಕ್ಕೆ ಪೆಟ್ಟಾಗುತ್ತಿತ್ತು, ಅಷ್ಟೆ. ಹಳೆಯ ಕಾರುಗಳ ಸ್ಟಿಯರಿಂಗ್ ದಂಡ ಉದ್ದದ ಒಂದೇ ಸಲಾಕೆ. ಮೂತಿ ಹಿಂದಕ್ಕೆ ಸರಿದರೆ ಅದು ಈಟಿಯಾಗುತ್ತದೆ. ಈಗಿನವುಗಳಲ್ಲಿ ಆ ದಂಡ ಒಂದರೊಳಗೊಂದು ಜಾರಿ ಕುಗ್ಗುತ್ತದೆ.

ನಿಮ್ಮ ಎಮ್ಮೆಯ ಪ್ರಸಂಗದಲ್ಲಿ ಕಾರಿಗೆ ಗೀರೂ ಆಗಲಿಲ್ಲವೆಂದರೆ ಏಟನ್ನು ಎಮ್ಮೆಯೂ ಕಾರಿನೊಳಗಿದ್ದವರೂ ಹಂಚಿಕೊಂಡರು ಎಂದರ್ಥ. ವೇಗ ಕಡಿಮೆಯಿದ್ದುದರಿಂದ ನಿಮಗೆ ಅದು ನೆನಪಿಲ್ಲ, ಎಮ್ಮೆಗೆ ನೆನಪಿದ್ದಿರಬಹುದು. ಆದರೆ 38,000 ರೂಪಾಯಿಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. ನಡೆಯುವ ವೇಗದಲ್ಲಿ ತಾಗಿದರೂ ಬಂಪರ್, ಅದರ ಕೊಂಡಿಗಳು, ಫಾಗ್ ಲ್ಯಾಂಪ್, ಸೆನ್ಸರ್ ಎಲ್ಲವೂ ಒಟ್ಟಿಗೇ ಹೋಗುವಂತೆ ಜೋಡಿಸಿರುವುದು ಸುರಕ್ಷೆಗಾಗಿಯಲ್ಲ. ಅದು ನೋಟಕ್ಕಾಗಿ, ಜೋಡಣೆಯ ವೇಗಕ್ಕಾಗಿ ಮಾಡಿದ ಏರ್ಪಾಡು, ಮತ್ತು ಅದರ ಬೆಲೆಯನ್ನು ಕೊಡುವವರು ನೀವು.

ಪ್ರಶ್ನೆ: ನಮ್ಮ ಮನೆ ಕಡಲಿನಿಂದ ಕೂಗಳತೆಯಲ್ಲಿದೆ. ದಪ್ಪ ತಗಡಿನ ಹಳೆಯ ಕಾರುಗಳೇ ಉಪ್ಪುಗಾಳಿಗೆ ತಡೆಯಲಿಲ್ಲ ಎಂದಮೇಲೆ ಈ ತೆಳು ತಗಡು ಎಷ್ಟು ವರ್ಷ ಬಾಳೀತು?
— ಒಬ್ಬ ಓದುಗರು, ಕುಂದಾಪುರ

ಉತ್ತರ: ಹೆಚ್ಚು ವರ್ಷವೇ ಬಾಳುತ್ತದೆ. ಮಂಗಳೂರಿನಲ್ಲಿ ನಾನಿದ್ದ ದಿನಗಳಲ್ಲಿ ನನ್ನ ಬಳಿ ಎರಡನೆಯ ಕೈಯ ಹಳೆಯ ಕಾರೊಂದಿತ್ತು. ಅದರ ಚಾಲಕನ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಅಂಗೈಯಗಲದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು, ಆಷಾಢದಲ್ಲಿ ಎಡಗಾಲಿನ ಚೀಲ ಒಣಗಿದ ದಿನವೇ ಇರಲಿಲ್ಲ. ಟಿಂಕರಿಂಗ್ ಮೇಸ್ತ್ರಿ ಎಣ್ಣೆ ಡಬ್ಬದ ತಗಡು ಕತ್ತರಿಸಿ ತೇಪೆ ಹಾಕಿ ಡಾಂಬರು ಬಳಿದುಕೊಟ್ಟ. ಮುಂದಿನ ವರ್ಷ ತೇಪೆಯ ಸುತ್ತ ಹೊಸ ತೂತುಗಳಾದವು. ದಪ್ಪವಿದ್ದ ಮಾತ್ರಕ್ಕೆ ತುಕ್ಕು ತಡವಾಗಿ ಬರುವುದಿಲ್ಲ, ತೂತು ಬೀಳುವುದು ತುಸು ತಡವಾಗುತ್ತದೆ ಅಷ್ಟೆ.

ಈಗಿನ ಕಾರಿನ ಮೈಯನ್ನು ಬಣ್ಣಕ್ಕೆ ಮೊದಲು ಇಡಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಸ್ಪ್ರೇ ಗನ್ನಿನ ಬಣ್ಣ ಎಂದೂ ತಲುಪದ ತೊಲೆಯ ಒಳಮೈ, ಬಾಗಿಲಿನ ಮಡಿಕೆಗಳಿಗೂ ಆಗ ಪದರ ಹತ್ತುತ್ತದೆ. ಮೇಲಾಗಿ ಅನೇಕ ಭಾಗಗಳಿಗೆ ಸತುವಿನ ಲೇಪವಿರುವ ತಗಡನ್ನೇ ಬಳಸುತ್ತಾರೆ. ಗೀರು ಬಿದ್ದಲ್ಲಿ ಸತುವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ನೀವು ಮಾಡಬೇಕಾದ ಕೆಲಸವೆಂದರೆ ಬಾಗಿಲುಗಳ ಕೆಳಅಂಚಿನಲ್ಲಿ ನೀರು ಇಳಿಯಲೆಂದು ಬಿಟ್ಟ ಸಣ್ಣ ತೂತುಗಳನ್ನು ಮಳೆಗಾಲಕ್ಕೆ ಮುಂಚೆ ಕಡ್ಡಿಯಿಂದ ಬಿಡಿಸುವುದು, ಮತ್ತು ಅಡಿಭಾಗವನ್ನು ಆಗಾಗ ಸಿಹಿನೀರಿನಲ್ಲಿ ತೊಳೆಸುವುದು. ಅಡಿಗೆ ದಪ್ಪ ಕರಿ ಲೇಪ ಬಳಿಸುವ ಮುನ್ನ ಒಂದು ಮಾತು: ತೊಳೆದು ಚೆನ್ನಾಗಿ ಒಣಗಿಸದೆ ಬಳಿದರೆ ಅದು ಉಪ್ಪನ್ನೂ ತೇವವನ್ನೂ ಒಳಗೇ ಕೂಡಿಹಾಕುತ್ತದೆ.

ಹಳೆಯ ಕಾರುಗಳು ಗಟ್ಟಿಯಾಗಿದ್ದವು ಎಂದು ನಮಗೆ ಅನ್ನಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇಂದು ರಸ್ತೆಯಲ್ಲಿ ಕಾಣುವ ಹಳೆಯ ಕಾರುಗಳೆಲ್ಲ ಯಾರೋ ಮುಚ್ಚಟೆಯಿಂದ ಸಾಕಿಕೊಂಡವು. ಅವುಗಳ ಜೊತೆಗೆ ಹುಟ್ಟಿದ ಉಳಿದವು ಎಂದೋ ಗುಜರಿಗೆ ಹೋದವು, ಅವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ: ಬಾಗಿಲು ಹಾಕಿದಾಗ "ಧಬ್" ಎಂದು ಗಂಭೀರವಾಗಿ ಸದ್ದಾದರೆ ಕಾರು ಗಟ್ಟಿ, "ಟಣ್" ಎಂದರೆ ಡಬ್ಬ ಎಂದು ಗೆಳೆಯರು ಹೇಳುತ್ತಾರೆ. ಮೊದಲ ಕಾರು ಕೊಳ್ಳುತ್ತಿದ್ದೇನೆ, ಈ ಪರೀಕ್ಷೆಯನ್ನು ನಂಬಬಹುದೇ?
— ಓದುಗಿ, ಬೆಂಗಳೂರು

ಉತ್ತರ: ನಂಬಬೇಡಿ. ಆ ಸದ್ದನ್ನು ಬೀಗದ ಕೊಂಡಿ, ಬಾಗಿಲಂಚಿನ ರಬ್ಬರ್ ಪಟ್ಟಿ, ಒಳಗೆ ಅಂಟಿಸಿದ ಸದ್ದು ಹೀರುವ ಹಾಳೆ ಇವುಗಳಿಂದ ಬೇಕೆಂದೇ ರೂಪಿಸಿರುತ್ತಾರೆ. ಅಪಘಾತದಲ್ಲಿ ಬಾಗಿಲು ಹೇಗೆ ವರ್ತಿಸುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗೆಂದು ಹೊಸದೆಲ್ಲವೂ ಸುರಕ್ಷಿತ ಎಂದೂ ಭಾವಿಸಬೇಡಿ. 2014ರ ಜನವರಿಯಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷೆಗೆ ಸೊನ್ನೆಯಿಂದ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಆಗ ಭಾರತದಲ್ಲಿ ಮಾರಾಟದಲ್ಲಿದ್ದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರೊಂದು ಆ ಸಂಸ್ಥೆಯಿಂದ ಮೊದಲ ಬಾರಿಗೆ ಐದು ನಕ್ಷತ್ರ ಪಡೆದದ್ದು 2018ರ ಡಿಸೆಂಬರಿನಲ್ಲಿ, ಅದು ಟಾಟಾ ನೆಕ್ಸಾನ್. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗದೆ, ಪರೀಕ್ಷೆಯಾದದ್ದು ನೀವು ಕೊಳ್ಳುವ ಮಾದರಿಯೇ, ಮಕ್ಕಳ ಸುರಕ್ಷೆಗೆ ಎಷ್ಟು ಅಂಕ ಎಂಬುದನ್ನೂ ನೋಡಿ. ಗ್ಲೋಬಲ್ ಎನ್‌ಕ್ಯಾಪ್ ವರದಿಯಿದ್ದರೆ ಕಾರಿನ ಕೋಣೆ ಸ್ಥಿರವಾಗಿ ನಿಂತಿತೋ ಇಲ್ಲವೋ ಎಂಬ ಸಾಲನ್ನು ಹುಡುಕಿ ಓದಿ. ಗೆಳೆಯರು "ಬಿಲ್ಡ್ ಕ್ವಾಲಿಟಿ" ಎನ್ನುವ ಮಾತಿಗೆ ಸಿಗಬಹುದಾದ ನೇರವಾದ ಪುರಾವೆ ಅದೇ.

ಪ್ರಶ್ನೆ: ಇಪ್ಪತ್ತೆಂಟು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದೇನೆ. ಹಳೆಯ ಗಾಡಿ ದಾರಿಯಲ್ಲಿ ನಿಂತರೆ ಸ್ಕ್ರೂಡ್ರೈವರು, ಉಪ್ಪುಕಾಗದ ಇದ್ದರೆ ಸಾಕಿತ್ತು. ಈಗ ಎಲ್ಲದಕ್ಕೂ ಸ್ಕ್ಯಾನರು, ಎಲ್ಲದಕ್ಕೂ ಪೂರ್ತಿ ಸೆಟ್ಟೇ ಬದಲು. ರಿಪೇರಿಯಾಗದ ಗಾಡಿಯನ್ನು ಗಟ್ಟಿ ಎನ್ನುವುದು ಹೇಗೆ?
— ಗ್ಯಾರೇಜು ಮಾಲೀಕರು, ಹಾವೇರಿ

ಉತ್ತರ: ನಿಮ್ಮ ದೂರನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹೆಡ್‌ಲೈಟಿನೊಳಗೆ ಬಲ್ಬಿದ್ದ ಕಾಲಕ್ಕೆ ಕೆಲವೇ ರೂಪಾಯಿಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಬೆಸೆದು ಮುಚ್ಚಿದ ಎಲ್‌ಇಡಿ ಘಟಕವನ್ನೇ ಕೊಳ್ಳಬೇಕು. ಮುಂಗಾಜಿಗೆ ಕ್ಯಾಮೆರಾ ಅಂಟಿಸಿದ ಕಾರುಗಳಲ್ಲಿ ಗಾಜು ಬದಲಿಸಿದ ಮೇಲೆ ಆ ಕ್ಯಾಮೆರಾದ ನೋಟವನ್ನು ಮತ್ತೆ ಅಳತೆಗೆ ಕೂರಿಸಬೇಕು. ಹದಿನೈದು ವರ್ಷಗಳ ಮೇಲೆ ಒಂದು ಕಂಟ್ರೋಲ್ ಯೂನಿಟ್, ಎಂದರೆ ಗಾಡಿಯನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಸಿಗದೆ ಹೋದರೆ ಎಂಜಿನ್ನೂ ಮೈಯೂ ಚೆನ್ನಾಗಿದ್ದರೂ ಗಾಡಿ ಗುಜರಿಗೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ ತಂದ ಹಳೆಯ ಕಾರ್ಬುರೇಟರನ್ನು ಬಿಚ್ಚಿ ತೊಳೆದು ಕೂರಿಸುವಂತೆ ಇದನ್ನು ಕೂರಿಸಲಾಗದು.

ಆದರೆ ಒಂದು ಲೆಕ್ಕವನ್ನು ನಿಮ್ಮ ಹಳೆಯ ಬಿಲ್ ಪುಸ್ತಕದಲ್ಲೇ ನೋಡಿಕೊಳ್ಳಿ. ಕಿಡಿ ಹೊತ್ತಿಸುವ ಪಾಯಿಂಟ್ ಉಜ್ಜುವುದು, ಎಂಜಿನ್ ಕವಾಟಗಳ ಟ್ಯಾಪೆಟ್ ಹೊಂದಿಸುವುದು, ಕಿಂಗ್‌ಪಿನ್ನಿಗೆ ಗ್ರೀಸ್ ಒತ್ತುವುದು, ಇಂಗಾಲ ತೆಗೆಯಲು ಹೆಡ್ ಇಳಿಸುವುದು, ಕೊನೆಗೆ ಸವೆದ ಸಿಲಿಂಡರನ್ನು ಬೋರ್ ಮಾಡಿಸುವುದು ಇವೆಲ್ಲ ಒಂದೇ ಗಾಡಿಗೆ ಎಷ್ಟು ಸಲ ಆಗುತ್ತಿದ್ದವು? ಈಗ ಹೆಚ್ಚಿನ ಕಾರುಗಳು 10,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿಕೊಂಡು, ಲಕ್ಷ ದಾಟಿದರೂ ಎಂಜಿನ್ನಿಗೆ ಕೈ ಹಾಕಿಸಿಕೊಳ್ಳದೆ ಓಡುತ್ತವೆ. ಸುಲಭವಾಗಿ ರಿಪೇರಿಯಾಗುವುದು ಒಂದು ಗುಣ, ರಿಪೇರಿಗೇ ಬಾರದಿರುವುದು ಇನ್ನೊಂದು. ಹಳೆಯದಕ್ಕೆ ಮೊದಲನೆಯದಿತ್ತು, ಹೊಸದಕ್ಕೆ ಎರಡನೆಯದಿದೆ.

ಕೆಲಸದ ದೃಷ್ಟಿಯಿಂದ ನಿಮ್ಮಲ್ಲಿ ಒಂದು ವಿನಂತಿ. ಅಪಘಾತದಲ್ಲಿ ಬಾಗಿದ ಕಂಬವನ್ನು ಗ್ಯಾಸಿನಿಂದ ಕಾಯಿಸಿ ಎಳೆದು ನೇರ ಮಾಡುವ ಪದ್ಧತಿ ಮೆದು ಉಕ್ಕಿಗೆ ನಡೆಯುತ್ತಿತ್ತು. ಮೇಲೆ ಹೇಳಿದ ಬೋರಾನ್ ಉಕ್ಕಿನ ಬಲ ಬಂದಿರುವುದೇ ಕಾಯಿಸಿ ಥಟ್ಟನೆ ತಣಿಸಿದ್ದರಿಂದ. ಅದನ್ನು ಮತ್ತೆ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಆ ಬಲ ಹೊರಟುಹೋಗುತ್ತದೆ. ಪುಟ್ಟಿ ಹಾಕಿ ಬಣ್ಣ ಬಳಿದ ಮೇಲೆ ಕಂಬ ಹೊಸದರಂತೆಯೇ ಕಾಣುತ್ತದೆ, ಮುಂದಿನ ಏಟಿಗೆ ನಿಲ್ಲುವುದಿಲ್ಲ. ಅಂಥ ಭಾಗವನ್ನು ಕಂಪನಿ ಸೂಚಿಸಿದ ಜಾಗದಲ್ಲಿ ಕತ್ತರಿಸಿ ಹೊಸದನ್ನೇ ಹಾಕಬೇಕು, ಗಿರಾಕಿ ಎಷ್ಟೇ ಗೊಣಗಲಿ.

ಪ್ರಶ್ನೆ: 1998ರ ಮಾರುತಿ 800 ನಮ್ಮಲ್ಲಿದೆ, ಸುಸ್ಥಿತಿಯಲ್ಲಿದೆ. ಮಗಳು ಕೆಲಸಕ್ಕೆ ಹೋಗಿಬರಲು ಅದನ್ನೇ ಕೊಡಬಹುದೇ?
— ಗೃಹಿಣಿ, ಮೈಸೂರು

ಉತ್ತರ: ಊರೊಳಗೆ, ಸಾವಕಾಶವಾಗಿ ಓಡಿಸುವುದಾದರೆ ಕೊಡಿ. ಬೆಂಗಳೂರು–ಮೈಸೂರು ಹೆದ್ದಾರಿಗೆ ಬೇಡ. 100 ಕಿಲೋಮೀಟರ್ ಮಿತಿಯ ಆ ರಸ್ತೆಯಲ್ಲಿ ಸುತ್ತಲೂ ಈ ಕಾರಿನ ಎರಡು ಪಟ್ಟು ತೂಕದ ಗಾಡಿಗಳು ಓಡುತ್ತಿರುತ್ತವೆ, ಇದರ ತೂಕ ಸುಮಾರು 650 ಕಿಲೋ, ಏರ್‌ಬ್ಯಾಗೂ ಇಲ್ಲ, ಗಟ್ಟಿಯಾಗಿ ತುಳಿದರೂ ಚಕ್ರಗಳು ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕೂ ಇಲ್ಲ. ಕೊಡುವ ಮುನ್ನ ಸೀಟ್ ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ನೋಡಿ, ಅಂಚು ನವೆದಿದ್ದರೆ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ಪೈಪುಗಳು ಬಿರುಕು ಬಿಡಬಹುದಾದ್ದರಿಂದ ಇಂಧನದ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿಸಿ. ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆರ್‌ಸಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಿ, ಅದು ಮುಗಿದಿದ್ದರೆ ವಿಮೆಯ ಹಣ ಕೇಳುವಾಗ ತಕರಾರು ಬರುತ್ತದೆ.