ಡಾಕರ್‌ಗೆ ಜಾಗ ಸಾಲದಾದಾಗ

ಪ್ರಶ್ನೆ: ನಾನು ಮ್ಯಾಕ್ ಕಂಪ್ಯೂಟರಿನಲ್ಲಿ ಡಾಕರ್ ಡೆಸ್ಕ್‌ಟಾಪ್ ಬಳಸುತ್ತಿದ್ದೇನೆ. ಹೊಸ ಇಮೇಜ್ ಬಿಲ್ಡ್ ಮಾಡುವಾಗ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಂದೇಶ ಬಂದು ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಕಂಪ್ಯೂಟರಿನಲ್ಲಿ ಇನ್ನೂ 180 ಜಿಬಿ ಖಾಲಿಯಿದೆ. ಡಾಕರ್‌ಗೆ ಹೆಚ್ಚು ಜಾಗ ಕೊಡುವುದು ಹೇಗೆ? ಹಾಗೆ ಮಾಡಿದರೆ ಈಗಿರುವ ಡೇಟಾಬೇಸ್ ಅಳಿಸಿಹೋಗುತ್ತದೆಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ಕಟ್ಟಿದ ಗಂಟು ಇಮೇಜ್; ಆ ಗಂಟಿನಿಂದ ಪ್ರತ್ಯೇಕವಾಗಿ ಓಡುವ ಪ್ರತಿ ಕಂಟೇನರ್; ಇವನ್ನು ಕಟ್ಟಿ ಓಡಿಸುವ ಸಾಧನ ಡಾಕರ್. ಲಿನಕ್ಸ್ ಕಂಟೇನರುಗಳು ನಡೆಯಲು ಲಿನಕ್ಸ್ ಕರ್ನಲ್ (ಆ ಕಾರ್ಯಾಚರಣ ವ್ಯವಸ್ಥೆಯ ತಿರುಳು) ಬೇಕು, ಮ್ಯಾಕ್‌ನಲ್ಲಿ ಅದು ಇಲ್ಲವಾದ್ದರಿಂದ ಡಾಕರ್ ಡೆಸ್ಕ್‌ಟಾಪ್ ತೆರೆಮರೆಯಲ್ಲಿ ಒಂದು ಪುಟ್ಟ ಲಿನಕ್ಸ್ ವರ್ಚುವಲ್ ಮೆಷಿನ್ನನ್ನು (ಕಂಪ್ಯೂಟರಿನೊಳಗೆ ತಂತ್ರಾಂಶವೇ ರೂಪಿಸಿದ ಇನ್ನೊಂದು ಕಂಪ್ಯೂಟರನ್ನು) ಓಡಿಸುತ್ತದೆ. ಆ ಮೆಷಿನ್ನಿನ ಇಡೀ ಡಿಸ್ಕ್, ನಿಮ್ಮ ಮ್ಯಾಕ್‌ನಲ್ಲಿರುವ ‘ಡಾಕರ್ ಡಾಟ್ ರಾ’ ಎಂಬ ಒಂದೇ ಕಡತ. ತುಂಬಿರುವುದು ಅದಕ್ಕೆ ಗೊತ್ತುಪಡಿಸಿದ ಮಿತಿಯೇ ಹೊರತು ನಿಮ್ಮ ಕಂಪ್ಯೂಟರ್ ಅಲ್ಲ.

ಮಿತಿ ಹೆಚ್ಚಿಸಲು ಡಾಕರ್ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ತೆರೆದು, ರಿಸೋರ್ಸಸ್ ವಿಭಾಗದ ಅಡ್ವಾನ್ಸ್ಡ್ ಪುಟದಲ್ಲಿ ಡಿಸ್ಕ್ ಮಿತಿಯ ಸ್ಲೈಡರನ್ನು ಬಲಕ್ಕೆ ಸರಿಸಿ, ಬದಲಾವಣೆಯನ್ನು ಅನ್ವಯಿಸಿ ಮರುಆರಂಭಿಸಬೇಕು. ಓಡುತ್ತಿರುವ ಕಂಟೇನರುಗಳು ಆಗ ನಿಲ್ಲುತ್ತವೆ. ಡೇಟಾಬೇಸ್ ಹಾಗೆಯೇ ಉಳಿಯುತ್ತದೆ. ಅಪಾಯವಿರುವುದು ವಿರುದ್ಧ ದಿಕ್ಕಿನಲ್ಲಿ. ಮಿತಿಯನ್ನು ತಗ್ಗಿಸಿದರೆ ಹಳೆಯ ಡಿಸ್ಕ್ ಕಡತವನ್ನೇ ಅಳಿಸಿ ಹೊಸದನ್ನು ಸೃಷ್ಟಿಸಲಾಗುವುದರಿಂದ ಇಮೇಜ್, ಕಂಟೇನರ್, ವಾಲ್ಯೂಮ್ (ಕಂಟೇನರುಗಳ ಡೇಟಾ ಉಳಿಸಿಡುವ ಜಾಗ) ಎಲ್ಲವೂ ಹೋಗುತ್ತವೆ. ಆದ್ದರಿಂದ, ಬೇಡವಾದರೆ ಮುಂದೆ ಇಳಿಸಿಕೊಳ್ಳೋಣ ಎಂಬ ಲೆಕ್ಕದಲ್ಲಿ ಸ್ಲೈಡರನ್ನು ತುದಿಗೆ ತಳ್ಳಬೇಡಿ. ಏರಿಸುವ ಮುನ್ನವೂ ಡೇಟಾಬೇಸಿನ ಒಂದು ಡಂಪ್ (ಕಡತರೂಪದ ನಕಲು) ತೆಗೆದು ಮ್ಯಾಕ್‌ನಲ್ಲಿಯೇ ಬೇರೆಡೆ ಇಟ್ಟುಕೊಳ್ಳುವುದು ಒಳ್ಳೆಯದು.

ಡಾಕರ್ ಡಾಟ್ ರಾ ಕಡತ ವಿರಳ ಕಡತಗಳ ಜಾತಿಗೆ ಸೇರಿದ್ದು. ಅದರ ಗಾತ್ರ ನೂರು ಜಿಬಿ ಎಂದು ಕಂಡರೂ ಒಳಗೆ ಬರೆದಿರುವಷ್ಟು ಜಾಗವನ್ನು ಮಾತ್ರ ಅದು ನಿಜವಾಗಿ ಹಿಡಿದಿರುತ್ತದೆ. ನಿಜವಾದ ಬಳಕೆಯನ್ನು ಟರ್ಮಿನಲ್‌ನಲ್ಲಿ ‘ಡಿಯು’ ಆಜ್ಞೆ ತೋರಿಸುತ್ತದೆ. ಹೀಗಾಗಿ ಮಿತಿ ಏರಿಸಿದ ಮಾತ್ರಕ್ಕೆ ನಿಮ್ಮ 180 ಜಿಬಿ ಕರಗುವುದಿಲ್ಲ. ಆದರೆ ಮಿತಿಯು ಖಾಲಿ ಜಾಗಕ್ಕಿಂತ ದೊಡ್ಡದಾದರೆ, ಒಂದು ದಿನ ಡಾಕರ್‌ಗಿಂತ ಮೊದಲು ಮ್ಯಾಕ್ ತುಂಬಿ ನಿಲ್ಲಬಹುದು, ಮತ್ತು ಆ ಸ್ಥಿತಿಯಿಂದ ಹೊರಬರುವುದು ಇದಕ್ಕಿಂತ ಕಷ್ಟ.

ಇಷ್ಟಾದರೂ, ಸ್ಲೈಡರನ್ನು ಮುಟ್ಟುವ ಮೊದಲು ಜಾಗವನ್ನು ತಿಂದಿರುವುದು ಯಾವುದು ಎಂದು ನೋಡಲೇಬೇಕೆಂಬುದು ನನ್ನ ಅಭಿಪ್ರಾಯ. ‘ಡಾಕರ್ ಸಿಸ್ಟಮ್ ಡಿಎಫ್’ ಎಂಬ ಆಜ್ಞೆ ಇಮೇಜ್, ಕಂಟೇನರ್, ವಾಲ್ಯೂಮ್ ಮತ್ತು ಬಿಲ್ಡ್ ಕ್ಯಾಶ್‌ಗಳ (ಹಿಂದಿನ ಬಿಲ್ಡ್‌ಗಳಿಂದ ಮರುಬಳಕೆಗೆ ಉಳಿಸಿಟ್ಟ ಭಾಗಗಳ) ಲೆಕ್ಕವನ್ನು, ಅದರಲ್ಲಿ ಮರಳಿ ಪಡೆಯಬಹುದಾದ ಪಾಲಿನೊಂದಿಗೆ, ಬೇರೆಬೇರೆಯಾಗಿ ಕೊಡುತ್ತದೆ. ಪದೇಪದೇ ಬಿಲ್ಡ್ ಮಾಡುವವರಲ್ಲಿ ಬಿಲ್ಡ್ ಕ್ಯಾಶ್ ಸದ್ದಿಲ್ಲದೆ ಬೆಳೆದಿರುತ್ತದೆ. ‘ಡಾಕರ್ ಬಿಲ್ಡರ್ ಪ್ರೂನ್’ ಅದನ್ನು ತೆರವುಗೊಳಿಸುತ್ತದೆ, ಮುಂದಿನ ಬಿಲ್ಡ್ ತುಸು ನಿಧಾನವಾಗುವುದಷ್ಟೇ ಅದರ ಬೆಲೆ. ‘ಡಾಕರ್ ಇಮೇಜ್ ಪ್ರೂನ್’ ಹೆಸರಿಲ್ಲದೆ ಉಳಿದ ಇಮೇಜುಗಳನ್ನು ಮಾತ್ರ ತೆಗೆಯುತ್ತದೆ. ‘ಎಲ್ಲವೂ’ (ಆಲ್) ಎಂಬ ಆಯ್ಕೆಯನ್ನು ಸೇರಿಸಿದರೆ ಯಾವ ಕಂಟೇನರೂ ಬಳಸದ ಇಮೇಜುಗಳೆಲ್ಲ ಹೋಗುತ್ತವೆ. ವಾಲ್ಯೂಮುಗಳ ವಿಷಯದಲ್ಲಿ ಮಾತ್ರ ಅವಸರ ಬೇಡ. ನಿಮ್ಮ ಡೇಟಾಬೇಸ್ ಬಹುಶಃ ಅಲ್ಲಿಯೇ ಇದೆ, ಅಳಿಸಿದ ವಾಲ್ಯೂಮನ್ನು ಡಾಕರ್ ಮರಳಿಸುವುದಿಲ್ಲ.

ಆ ಪಟ್ಟಿಯಲ್ಲಿ ಕಾಣದ ಇನ್ನೊಂದು ಹೊಟ್ಟೆಬಾಕ ಕಂಟೇನರುಗಳ ಲಾಗ್, ಅಂದರೆ ಅವು ಬರೆಯುತ್ತ ಹೋಗುವ ಚಟುವಟಿಕೆಯ ದಾಖಲೆ. ರೂಢಿಯ ಜೇಸನ್ ಲಾಗ್ ವ್ಯವಸ್ಥೆಗೆ ತಾನಾಗಿ ಯಾವ ಗಾತ್ರಮಿತಿಯೂ ಇಲ್ಲದ ಕಾರಣ, ತಿಂಗಳುಗಟ್ಟಲೆ ಓಡುವ ಮಾತುಗಾರ ಕಂಟೇನರೊಂದು ಹಲವು ಜಿಬಿಗಳನ್ನು ನುಂಗಬಲ್ಲದು. ಸೆಟ್ಟಿಂಗ್ಸ್‌ನ ಡಾಕರ್ ಎಂಜಿನ್ ಪುಟದಲ್ಲಿ ಲಾಗ್‌ನ ಗರಿಷ್ಠ ಗಾತ್ರವನ್ನೂ ಕಡತಗಳ ಸಂಖ್ಯೆಯನ್ನೂ ಸೂಚಿಸಬಹುದು. ಆದರೆ ಅದು ಆಮೇಲೆ ಸೃಷ್ಟಿಸಿದ ಕಂಟೇನರುಗಳಿಗಷ್ಟೇ ಅನ್ವಯಿಸುತ್ತದೆ, ಹಳೆಯವನ್ನು ತೆಗೆದು ಮತ್ತೆ ಸೃಷ್ಟಿಸಬೇಕು.

ಪ್ರಶ್ನೆ: ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ 2 ಜೊತೆ ಡಾಕರ್ ಬಳಸುವ ನನಗೆ ಮಿತಿಯ ಸ್ಲೈಡರ್ ಕಾಣುತ್ತಿಲ್ಲ. ಇಮೇಜುಗಳನ್ನು ಅಳಿಸಿದರೂ ಸಿ ಡ್ರೈವ್‌ನಲ್ಲಿ ಜಾಗ ಹೆಚ್ಚಾಗುತ್ತಿಲ್ಲ, ಏಕೆ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮಲ್ಲಿ ಡಿಸ್ಕಿನ ಮಿತಿಯನ್ನು ನಿಗದಿಪಡಿಸುವುದು ವಿಂಡೋಸ್‌ನೊಳಗೆ ಲಿನಕ್ಸನ್ನು ಓಡಿಸುವ ಡಬ್ಲ್ಯುಎಸ್‌ಎಲ್ ವ್ಯವಸ್ಥೆ. ಇತ್ತೀಚಿನ ಆವೃತ್ತಿಗಳಲ್ಲಿ ಅದು 1 ಟಿಬಿ ಇರುವುದರಿಂದ ಮಿತಿ ಸಾಲದೆಂಬ ತೊಂದರೆ ಅಪರೂಪ. ಮೊದಲ ಆವೃತ್ತಿಗಳಲ್ಲಿ 256 ಜಿಬಿ ಇತ್ತು. ಈ ವರ್ಚುವಲ್ ಡಿಸ್ಕ್ ಕಡತ ಅಗತ್ಯಕ್ಕೆ ತಕ್ಕಂತೆ ಹಿಗ್ಗುತ್ತದೆಯಾದರೂ ಸಾಮಾನ್ಯವಾಗಿ ತಾನಾಗಿ ಕುಗ್ಗುವುದಿಲ್ಲ. ಡಾಕರ್ ಡೆಸ್ಕ್‌ಟಾಪನ್ನು ಮುಚ್ಚಿ, ಡಬ್ಲ್ಯುಎಸ್‌ಎಲ್‌ಗೆ ಶಟ್‌ಡೌನ್ ಆಜ್ಞೆ ಕೊಟ್ಟು, ಆನಂತರ ಅಡ್ಮಿನಿಸ್ಟ್ರೇಟರ್ ಆಗಿ ಡಿಸ್ಕ್‌ಪಾರ್ಟ್ (ವಿಂಡೋಸ್‌ನ ಡಿಸ್ಕ್ ನಿರ್ವಹಣಾ ಸಾಧನ) ತೆರೆದು ಆ ಕಡತವನ್ನು ಆಯ್ದು, ಓದಲು ಮಾತ್ರ ಎಂಬ ಸ್ಥಿತಿಯಲ್ಲಿ ಜೋಡಿಸಿ, ‘ಕಾಂಪ್ಯಾಕ್ಟ್ ವಿಡಿಸ್ಕ್’ ಆಜ್ಞೆ ಕೊಟ್ಟು, ಕೊನೆಗೆ ಬೇರ್ಪಡಿಸಿ. ಸಿ ಡ್ರೈವ್ ಅಷ್ಟಕ್ಕೂ ಇಕ್ಕಟ್ಟಾಗಿದ್ದರೆ, ರಿಸೋರ್ಸಸ್ ವಿಭಾಗದಲ್ಲಿ ಡಿಸ್ಕ್ ಇಮೇಜಿನ ಸ್ಥಳವನ್ನು ಡಿ ಡ್ರೈವ್‌ಗೆ ಬದಲಿಸಬಹುದು. ಆದರೆ ಆಗಾಗ ಕಳಚುವ ಯುಎಸ್‌ಬಿ ಡ್ರೈವ್‌ನಲ್ಲಿ ಅದನ್ನು ಇಡಬೇಡಿ.