ಅಂಬರಿನೊಳಗಿನ ಚೇಳು ಹೊಸ ಪ್ರಭೇದ ಎಂದು ತೋರಿಸುವುದು ಹೇಗೆ?

ಚಿತ್ರದುರ್ಗದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡುತ್ತಿರುವ ನೀವು, ಮಯನ್ಮಾರಿನದೆಂದು ಮಾರಿದ ಅಂಬರ್ (ಪಳೆಯುಳಿಕೆಯಾದ ಮರದ ರಾಳ) ತುಂಡಿನಲ್ಲಿ ಚೇಳೊಂದಿದೆ, ಅದನ್ನು ಹೊಸ ಪ್ರಭೇದವೆಂದು ವಿವರಿಸಲು ಏನೇನು ಬೇಕು ಎಂದು ಕೇಳಿದ್ದೀರಿ.

ಮೊದಲು ತುಂಡು ಅಸಲಿಯೇ ನೋಡಿ. ಅಂಬರಿನ ಚೇಳುಗಳು ಸಾಮಾನ್ಯವಾಗಿ ಬಹಳ ಚಿಕ್ಕವು. ಕಾಲು ಬಿಡಿಸಿಕೊಂಡು, ಕೊಂಡಿ ಎತ್ತಿ, ನಟ್ಟನಡುವೆ ಕೂತ ದೊಡ್ಡ ಚೇಳಾದರೆ ಅದನ್ನು ಈಚೆಗೆ ಎಪಾಕ್ಸಿ ಎಂಬ ಕೃತಕ ರಾಳದಲ್ಲಿ ಮುಳುಗಿಸಿರುವ ಸಾಧ್ಯತೆಯೇ ಹೆಚ್ಚು. ಗಾಢ ಉಪ್ಪುನೀರಿನಲ್ಲಿ ಅಂಬರ್ ತೇಲುತ್ತದೆ ನಿಜ, ಆದರೆ ಎಪಾಕ್ಸಿಯೂ ತೇಲಬಹುದು, ಅದೊಂದನ್ನೇ ನಂಬಬೇಡಿ. ಅಂಚಿಗೆ ಒಂದು ತೊಟ್ಟು ಅಸಿಟೋನ್ ಹಾಕಿ: ಅಂಟಂಟಾದರೆ ಅದು ಕೋಪಾಲ್, ಅಂದರೆ ಇನ್ನೂ ಅಂಬರಾಗಿ ಬಲಿಯದ ರಾಳ. ಖಚಿತ ಉತ್ತರ ಅವಕೆಂಪು ಬೆಳಕಿನಿಂದ ವಸ್ತುವನ್ನು ಗುರುತಿಸುವ ಎಫ್‌ಟಿಐಆರ್ ಪರೀಕ್ಷೆಯಿಂದ ಸಿಗುತ್ತದೆ. ಇಲ್ಲೇ ಸುತ್ತಮುತ್ತ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಚಿತ್ರದುರ್ಗದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಆಗ ರಾಳ ಸುರಿಸುವ ಮರಗಳೇ ಇರಲಿಲ್ಲ. ಮಯನ್ಮಾರಿನ ಕಚಿನ್ ರಾಜ್ಯದ ಅಂಬರಿಗೆ ಸುಮಾರು 9.9 ಕೋಟಿ ವರ್ಷ. ಅಲ್ಲಿನ ಸಂಘರ್ಷದಿಂದಾಗಿ, ಎಂದು, ಯಾರಿಂದ ಕೊಂಡದ್ದು ಎಂಬ ದಾಖಲೆಯಿಲ್ಲದ ತುಂಡನ್ನು ಕೆಲವು ಜರ್ನಲ್‌ಗಳು ಮುಟ್ಟುವುದಿಲ್ಲ. 2017ರ ನಂತರ ಬಂದದ್ದಾದರೆ ಇನ್ನೂ ಕಷ್ಟ.

ಚೇಳು ಚೆನ್ನಾಗಿ ಕಾಣಲು ಅಂಬರ್ ಉಜ್ಜುವಾಗ ವಾಟರ್ ಪೇಪರ್ (ನೀರಿನೊಂದಿಗೆ ಬಳಸುವ ಮರಳು ಕಾಗದ) 1000, 2000 ನಂಬರಿನದು, ಆಮೇಲೆ ಇನ್ನೂ ನಯವಾದದ್ದು. ಯಾವಾಗಲೂ ನೀರು ಹಾಕಿಯೇ. ಒಣಗಿದ್ದಾಗ ಉಜ್ಜಿದರೆ ಬಿಸಿಗೆ ಬಿರುಕು ಬಿಡುತ್ತದೆ. ಬೆನ್ನಿನ ಕಡೆಗೂ ಹೊಟ್ಟೆಯ ಕಡೆಗೂ ಒಂದೊಂದು ಸಮತಟ್ಟಾದ ಮುಖ ಮಾಡಿ, ಚೇಳಿಗೆ ತಾಗುವ ಮೊದಲೇ ನಿಲ್ಲಿಸಿ. ಮೇಲೆ ಗ್ಲಿಸರಿನ್ ತೊಟ್ಟು, ಅದರ ಮೇಲೆ ಕವರ್ ಸ್ಲಿಪ್ ಇಟ್ಟರೆ ಗೀರುಗಳು ಬಹುತೇಕ ಮಾಯವಾಗುತ್ತವೆ. ಫೋಕಸ್ ಬದಲಿಸುತ್ತ ಪದರಪದರವಾಗಿ ಫೋಟೋ ತೆಗೆದು ಜೋಡಿಸಿ. ಹೊಟ್ಟೆಯ ಕಡೆ ಬಿಳಿ ಪೊರೆ ಕವಿದಿದ್ದರೆ ಎಕ್ಸ್-ರೇಯಿಂದ ಒಳಗಿನ ಆಕಾರ ತೋರಿಸುವ ಮೈಕ್ರೋ ಸಿಟಿ ಸ್ಕ್ಯಾನೇ ಗತಿ.

ಇಷ್ಟೆಲ್ಲ ಮಾಡುವುದು ಚೇಳಿನ ಇಕ್ಕಳವಿರುವ ಕೈಗಳ ಮೇಲಿನ ಸಂವೇದಿ ಕೂದಲು, ಅಂದರೆ ಟ್ರೈಕೋಬೋಥ್ರಿಯ, ಎಣಿಸಲಿಕ್ಕೆ. ಅವುಗಳ ಸಂಖ್ಯೆ, ಸ್ಥಾನಗಳಿಂದಲೇ ಚೇಳಿನ ವಂಶ ತಿಳಿಯುತ್ತದೆ. ನಮ್ಮ ಬಯಲುಸೀಮೆಯ ಕೆಂಚೇಳು ಬ್ಯುಥಿಡೆ ಕುಟುಂಬದ್ದು; ಅದರ ಒಂದೊಂದು ಕೈಯಲ್ಲಿ ತೊಡೆಭಾಗಕ್ಕೆ 11, ಮಂಡಿಭಾಗಕ್ಕೆ 13, ಇಕ್ಕಳಕ್ಕೆ 15. ಶೇಕಡಾ 70ರ ಆಲ್ಕೋಹಾಲಿನಲ್ಲಿಟ್ಟ ಕೆಂಚೇಳಿನಲ್ಲಿ ಈ 39ನ್ನೂ ತಪ್ಪದೆ ಗುರುತಿಸಲು ಬಂದ ಮೇಲೆ ಅಂಬರಿಗೆ ಬನ್ನಿ. ಬಟ್ಟಲಿನಂಥ ಗುಳಿಯಿಂದ ಎದ್ದ ತೆಳು ಉದ್ದ ಕೂದಲು ಮಾತ್ರ ಲೆಕ್ಕಕ್ಕೆ. ಕೂದಲು ಮುರಿದಿದ್ದರೂ ಗುಳಿಯನ್ನು ಎಣಿಸಬೇಕು. ಮಾಮೂಲಿ ರೋಮವನ್ನು ಸೇರಿಸಿಕೊಂಡರೆ ಕುಟುಂಬವೇ ಬದಲಾಗುತ್ತದೆ. ಜತೆಗೆ ಹೊಟ್ಟೆಯಡಿಯ ಬಾಚಣಿಗೆ ಅಂಗದ ಹಲ್ಲುಗಳು, ಪಕ್ಕಗಣ್ಣುಗಳು, ಬಾಲದ ಗೆಣ್ಣುಗಳ ಏಣು, ಕೊಂಡಿಯ ಕೆಳಗೆ ಉಬ್ಬಿದೆಯೇ ಎಂಬುದನ್ನೂ ಬರೆದುಕೊಳ್ಳಿ.

ರಾಳಕ್ಕೆ ಸಿಕ್ಕಿಬಿದ್ದ ಚೇಳು ಮರಿಯಾಗಿರಬಹುದು. ಬೆಳೆದಂತೆ ಮೈಮೇಲಿನ ಹರಳಿನಂಥ ಸಣ್ಣ ಉಬ್ಬುಗಳು, ಕೈಬಾಲಗಳ ಅಳತೆ ಬದಲಾಗುತ್ತವೆ. ಬಾಚಣಿಗೆಯ ಹಲ್ಲು ಗಂಡುಹೆಣ್ಣಿಗೆ ಬೇರೆ. ಇಷ್ಟನ್ನೇ ನೆಚ್ಚಿ ಹೊಸ ಹೆಸರಿಟ್ಟರೆ ಆ ಹೆಸರು ನಿಲ್ಲುವುದು ಕಷ್ಟ. ಕೂದಲು ಅರ್ಧಂಬರ್ಧ ಕಂಡರೆ ಕುಟುಂಬದ ಮಟ್ಟಕ್ಕೆ ನಿಲ್ಲಿಸಿ ಪ್ರಕಟಿಸುವುದೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಸರಿಡುವುದೇ ಆದರೆ ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದು ಮಾದರಿ) ಯಾವುದೆಂದು, ಯಾವ ಸಂಗ್ರಹದಲ್ಲಿ ಇರುತ್ತದೆಂದು ಲೇಖನದಲ್ಲೇ ಹೇಳಬೇಕು. ನಿಮ್ಮ ಕಪಾಟಿನಲ್ಲಿಟ್ಟರೆ ಬೇರೆಯವರು ಮತ್ತೆ ಪರೀಕ್ಷಿಸಲಾಗುವುದಿಲ್ಲ, ಸಾರ್ವಜನಿಕ ಸಂಗ್ರಹಾಲಯಕ್ಕೇ ಕೊಡಿ. ಲೇಖನ ಆನ್‌ಲೈನ್‌ನಲ್ಲಷ್ಟೇ ಬರುವುದಾದರೆ ಪ್ರಕಟಣೆಗೆ ಮುನ್ನ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿ ಆ ಸಂಖ್ಯೆಯನ್ನು ಲೇಖನದೊಳಗೆ ಸೇರಿಸಿ, ಇಲ್ಲವಾದರೆ ಹೆಸರು ಸಿಂಧುವಾಗುವುದಿಲ್ಲ.