ಪೋಪ್ ಸಂದರ್ಶನದಲ್ಲಿ ಹೇಳಿದ್ದೂ ಅಧಿಕೃತ ಬೋಧನೆಯೇ?

ಪೋಪ್ ಸಂದರ್ಶನದಲ್ಲಿ ಒಂದು ಹೇಳಿದರು, ಕ್ಯಾಟೆಕಿಸಂನಲ್ಲಿ (ಕ್ಯಾಥೊಲಿಕ್ ಚರ್ಚಿನ ಬೋಧನೆಗಳನ್ನು ಒಟ್ಟುಗೂಡಿಸಿದ ಅಧಿಕೃತ ಪುಸ್ತಕ) ಇನ್ನೊಂದಿದೆ, ಯಾವುದು ಅಧಿಕೃತ ಅಂತ ಕೇಳಿದ್ದೀರಿ. ಪೋಪ್ ಬಾಯಿಂದ ಬಂದದ್ದೆಲ್ಲ ಒಂದೇ ತೂಕದ್ದು ಅಂದುಕೊಂಡಿದ್ದೇ ಬಹುಶಃ ಈ ಗೊಂದಲಕ್ಕೆ ಕಾರಣ. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರ ಬರೀ ಉತ್ತರ, ಅದರಿಂದ ಬೋಧನೆ ಬದಲಾಗುವುದಿಲ್ಲ.

ಮೊದಲು ಕ್ಯಾಟೆಕಿಸಂ ತೆಗೆಯಿರಿ. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ್ದು. ನಿಮ್ಮ ಪ್ರತಿ ಹಳೆಯದಾ ನೋಡಿಕೊಳ್ಳಿ. ಮರಣದಂಡನೆ ಕುರಿತ 2267ನೇ ಪ್ಯಾರಾ 2018ರಲ್ಲಿ ಬದಲಾಗಿದೆ. ನಿಮ್ಮ ಪ್ರಶ್ನೆ ಅದರದ್ದೇ ಆಗಿದ್ದರೆ ಅಲ್ಲಿಗೇ ಉತ್ತರ ಸಿಕ್ಕಿತು.

ಇಲ್ಲದಿದ್ದರೆ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಪ್ಯಾರಾದ ಅಡಿಟಿಪ್ಪಣಿಗೆ ಇಳಿಯಿರಿ. ಜಾಸ್ತಿ ಜನ ಇದನ್ನು ಓದುವುದೇ ಇಲ್ಲ, ಆದರೆ ಮಾತು ಎಲ್ಲಿಂದ ಬಂತು ಅಂತ ಗೊತ್ತಾಗುವುದು ಇಲ್ಲೇ. ಬೈಬಲ್ಲಾ, ಜಗತ್ತಿನ ಬಿಷಪ್‌ಗಳು ಸೇರುವ ಮಹಾಸಭೆಯ ತೀರ್ಮಾನವಾ, ಪೋಪ್ ಚರ್ಚಿಗೆ ಬರೆಯುವ ಬೋಧನಾ ಪತ್ರವಾದ ಎನ್‌ಸೈಕ್ಲಿಕಲ್ಲಾ? ಮಹಾಸಭೆ ಅಥವಾ ಪೋಪ್ ನಂಬಲೇಬೇಕಾದ ಸತ್ಯ ಅಂತ ವಿಧಿವತ್ತಾಗಿ ಘೋಷಿಸಿದ್ದನ್ನು ಹಿಂತೆಗೆದುಕೊಳ್ಳುವಂತಿಲ್ಲ. ಮರಿಯಮ್ಮನವರನ್ನು ದೇಹಸಮೇತ ಸ್ವರ್ಗಕ್ಕೆ ಎತ್ತಿಕೊಳ್ಳಲಾಯಿತು ಎಂಬ 1950ರ ಘೋಷಣೆ ಅಂಥದ್ದು. ಎನ್‌ಸೈಕ್ಲಿಕಲ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ಮಟ್ಟದ್ದು, ಆದರೂ ಇಷ್ಟ ಬಂದರೆ ಒಪ್ಪು, ಇಲ್ಲದಿದ್ದರೆ ಬಿಡು ಅನ್ನುವಂಥದ್ದಲ್ಲ.

ಪಾದ್ರಿಗಳು ಮದುವೆಯಾಗಬಾರದು ಅನ್ನುವಂಥದ್ದು ಶಿಸ್ತಿನ ನಿಯಮ, ಸಿದ್ಧಾಂತವಲ್ಲ. ಅದನ್ನು ಚರ್ಚಿನ ಆಡಳಿತದ ನಿಯಮಗಳಾದ ಕ್ಯಾನನ್ ಕಾನೂನಿನಲ್ಲಿ ಹುಡುಕಿ.

ಇಷ್ಟು ನೋಡಿಯೂ ಹೊಂದದಿದ್ದರೆ ಪ್ಯಾರಾ ನಂಬರ್ ಮತ್ತು ಸಂದರ್ಶನದ ಪೂರ್ತಿ ಮಾತು ಹಾಕಿ. ಬರೀ ಶೀರ್ಷಿಕೆ ಸಾಲದು.